ಮನೇಲೇ ಕಲಿಸ್ತೀರಾ? ಹಾಗಾದ್ರೆ ಅಡುಗೆಮನೆಯಿಂದ ಶುರು ಮಾಡಿ

ಮಗ ಐದನೇ ಕ್ಲಾಸು. ಬೆಳಗ್ಗೆ ಎಂಟು ಗಂಟೆ ಆದರೆ ಸಾಕು, ಹೊಟ್ಟೆನೋವು ಶುರು. ಶಾಲೆ ವ್ಯಾನು ತಿರುವು ದಾಟಿ ಹೋಯ್ತು ಅಂದ್ರೆ ಹೊಟ್ಟೆನೋವೂ ಮಾಯ! ಆಮೇಲೆ ಅದೇ ಹುಡುಗ ಹಿತ್ತಲಲ್ಲಿ ಕೂತು ಹಳೇ ರೇಡಿಯೊ ಬಿಚ್ಚುತ್ತಾನೆ, ಪಾತ್ರೆ ಬಡಿದು ತಾಳ ಹಾಕ್ತಾನೆ, ಇರುವೆ ಸಾಲು ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ಗಂಟೆಗಟ್ಟಲೆ ನೋಡ್ತಾನೆ. 'ಇವನನ್ನ ಮನೆಯಲ್ಲೇ ಇಟ್ಕೊಂಡು ಕಲಿಸಿದ್ರೆ ಹೇಗೆ?' ಅನ್ನೋ ಯೋಚನೆ ಅಮ್ಮನ ತಲೆಯಲ್ಲಿ ಒಮ್ಮೆಯಾದರೂ ಸುಳಿಯದೇ ಇರುತ್ತಾ?

2020ರಲ್ಲಿ ಕೊರೊನಾ ಬಂದು ಶಾಲೆಗಳೆಲ್ಲ ಮುಚ್ಚಿದಾಗ ನಾವೆಲ್ಲ ಒಂದು ದಿನ ಬೆಳಗಾಗುವಷ್ಟರಲ್ಲಿ ಟೀಚರ್ ಆಗಿಬಿಟ್ಟಿದ್ದೆವು. 'ವಿದ್ಯಾಗಮ'ದಲ್ಲಿ ಮೇಷ್ಟ್ರು ಊರಿನ ಅರಳಿಕಟ್ಟೆ, ಗುಡಿ ಜಗಲಿಗಳಲ್ಲಿ ಪಾಠ ಮಾಡಿದರು. ಪಾಠಕ್ಕೆ ನಾಲ್ಕು ಗೋಡೆಯೇ ಬೇಕು ಅಂತಿಲ್ಲ ಅನ್ನೋದು ಆಗಲೇ ಗೊತ್ತಾಯ್ತು. ಮನೆಯಲ್ಲಿ ಕಲಿಸೋದು ಎಷ್ಟು ಸುಸ್ತಿನ ಕೆಲಸ ಅನ್ನೋದೂ ಆಗಲೇ ಗೊತ್ತಾಯ್ತು, ಅಲ್ವಾ?

ಇದೇನೂ ಅಮೆರಿಕದಿಂದ ಬಂದ ಹೊಸ ಫ್ಯಾಷನ್ ಅಲ್ಲ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಕಲಿಕೆಯ ಮೇಲೆ ಎಷ್ಟೋ ಪ್ರಯೋಗ ಮಾಡಿದರು, ತಮ್ಮ ಮಕ್ಕಳಿಗೂ ಮೊದಲ ಪಾಠ ಮನೆಯಲ್ಲೇ ಕಲಿಸಿದರು. ಕನ್ನಡದ ಮಕ್ಕಳಿಗೆ ಅಂತ 'ಬಾಲಪ್ರಪಂಚ' ಬರೆದರು, ಆಮೇಲೆ ನಾಲ್ಕು ಸಂಪುಟದ 'ವಿಜ್ಞಾನ ಪ್ರಪಂಚ' ಬರೆದರು. ಇಂಥ ಕಥೆ ಓದುವಾಗ ನನಗೆ ಯಾವಾಗಲೂ ಒಂದು ಅನುಮಾನ. ಅಪ್ಪ ಮಕ್ಕಳಿಗೆ ನಕ್ಷತ್ರ ತೋರಿಸುತ್ತಿದ್ದಾಗ ಒಲೆ ಮೇಲಿನ ಹಾಲು ಯಾರು ನೋಡಿಕೊಂಡರು ಅಂತ ಯಾರೂ ಬರೆಯೋದಿಲ್ಲ! ಅದನ್ನ ಮೊದಲೇ ಮನೆಯವರ ಜೊತೆ ಕೂತು ಮಾತಾಡಿಕೊಳ್ಳಿ.

ಮೊದಲು ಕಾರಣ ಹುಡುಕಿ

ಮಗು ಶಾಲೆ ಬೇಡ ಅಂದ ತಕ್ಷಣ ಟಿ.ಸಿ. ತರೋಕೆ ಓಡಬೇಡಿ. ಬೋರ್ಡು ಕಾಣದ ಮಗು ಪಾಠ ಬೇಡ ಅನ್ನುತ್ತೆ. ಕಿವಿ ಮಂದ ಇರೋ ಮಗು 'ಗಮನ ಕೊಡಲ್ಲ' ಅಂತ ಬೈಸಿಕೊಳ್ಳುತ್ತೆ. ಅಕ್ಷರ ತಿರುವುಮುರುವಾಗಿ ಕಾಣೋ ಮಗುವಿಗೆ ದಡ್ಡ ಅನ್ನೋ ಹಣೆಪಟ್ಟಿ ಬೀಳುತ್ತೆ. ವ್ಯಾನಲ್ಲಿ ದೊಡ್ಡ ಹುಡುಗರು ಗೋಳು ಹುಯ್ಯುತ್ತಿರಬಹುದು, ಅಥವಾ ಬಾಯಿ ಬಿಟ್ಟು ಹೇಳಲಾಗದ ಇನ್ನೇನೋ ನಡೆದಿರಬಹುದು. ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಒಂದೆರಡು ದಿನ ಸುಮ್ಮನೆ ಮಗುವಿನ ಪಕ್ಕ ಮಲಗಿ ಮಾತಾಡಿಸಿ. ಕತ್ತಲಲ್ಲಿ ಮಕ್ಕಳು ಬಾಯಿ ಬಿಡೋದು ಹೆಚ್ಚು. ತೊಂದರೆ ಒಂದು ಕನ್ನಡಕದಿಂದ ಅಥವಾ ಒಂದು ಸೆಕ್ಷನ್ ಬದಲಾವಣೆಯಿಂದ ಪರಿಹಾರ ಆಗೋದಾದ್ರೆ ಶಾಲೆ ಬಿಡಿಸುವ ಮಾತೇ ಬೇಡ.

ಇನ್ನೊಂದು ಮಾತು, ಸ್ವಲ್ಪ ಖಾರವಾಗಿಯೇ ಹೇಳ್ತೀನಿ. ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ 'ಮನೇಲೇ ಓದ್ಕೊಳ್ಳಲಿ ಬಿಡಿ' ಅನ್ನೋ ಮಾತಿಗೆ ಹೆಣ್ಣುಮಕ್ಕಳ ವಿಷಯದಲ್ಲಿ ಬೇರೆಯದೇ ಅರ್ಥ ಇದೆ. ಏಳನೇ ಕ್ಲಾಸಿಗೆ ಶಾಲೆ ಬಿಡಿಸಿ, ತಮ್ಮನನ್ನ ಎತ್ತಿಕೊಳ್ಳೋಕೆ ಇಟ್ಟು, ಮೂರು ವರ್ಷಕ್ಕೆ ಗಂಡು ನೋಡೋದನ್ನ ಮನೆಪಾಠ ಅಂತ ಕರೆಯೋಕಾಗಲ್ಲ. ಹದಿನೆಂಟು ತುಂಬದೆ ಮದುವೆ ಮಾಡೋದು ಅಪರಾಧ. ಮನೆಯಲ್ಲಿ ಕಲಿಯುವ ಮಗುವಿಗೆ ದಿನಕ್ಕೆ ಮೂರು-ನಾಲ್ಕು ಗಂಟೆ ಯಾರೂ 'ಬಾ, ಪಾತ್ರೆ ತೊಳಿ' ಅಂತ ಕರೆಯದ ಸಮಯ ಇರಬೇಕು. ಅಷ್ಟು ಕೊಡೋಕಾಗದಿದ್ದರೆ ಮಗಳು ಶಾಲೆಯಲ್ಲೇ ಇರಲಿ. ಅಲ್ಲಿ ಬಿಸಿಯೂಟವಿದೆ, ಗೆಳತಿಯರಿದ್ದಾರೆ, ಒಂದು ದಿನ ಬರದಿದ್ದರೆ ಯಾಕೆ ಬರಲಿಲ್ಲ ಅಂತ ಕೇಳೋ ಟೀಚರ್ ಇದ್ದಾರೆ.

ಕಾನೂನು ಏನನ್ನುತ್ತೆ?

2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಅಂತ ಅದು ಹೇಳುತ್ತೆ. ಮನೆಯಲ್ಲಿ ಕಲಿಸೋದರ ಬಗ್ಗೆ ಅದರಲ್ಲಿ ಬಿಡಿಸಿ ಹೇಳಿದ ಮಾತಿಲ್ಲ. ಹಾಗಾಗಿ ಮಗು ಸತತ ಗೈರಾದರೆ ಶಾಲೆಯವರು, ಸಿಆರ್‌ಪಿಯವರು ಮನೆ ಬಾಗಿಲಿಗೆ ಬರ್ತಾರೆ, ಬರಲೇಬೇಕು. ಅವರ ಮೇಲೆ ರೇಗಬೇಡಿ. ಅವರು ಹುಡುಕುತ್ತಿರೋದು ಇಟ್ಟಿಗೆ ಭಟ್ಟಿಗೆ ಹೋದ ಮಕ್ಕಳನ್ನ. ಕೂರಿಸಿ, ಕಾಫಿ ಕೊಟ್ಟು, ಮಗುವಿನ ನೋಟ್‌ಬುಕ್ ತೋರಿಸಿ. ಅದಕ್ಕೇ ಹೇಳೋದು, ಮೊದಲ ದಿನದಿಂದಲೇ ತಾರೀಖು ಹಾಕಿದ ಒಂದು ದಪ್ಪ ಪುಸ್ತಕ ಇಡಿ ಅಂತ. ಏನು ಮಾಡಿದ್ವಿ, ಏನಾಯ್ತು, ಯಾಕಾಯ್ತು ಅಂತ ಮಗುವಿನ ಅಕ್ಷರದಲ್ಲೇ ಇರಲಿ, ಚಿತ್ರ ಇರಲಿ, ಕಲೆ ಬಿದ್ದಿದ್ದರೂ ಪರವಾಗಿಲ್ಲ.

ವಾಪಸ್ ಹೋಗೋ ದಾರಿಯೂ ಮುಚ್ಚಿಲ್ಲ. ಶಾಲೆಗೆ ಸೇರದ ಅಥವಾ ಮಧ್ಯೆ ಬಿಟ್ಟ ಮಗುವನ್ನ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು ಅಂತ ಅದೇ ಕಾಯಿದೆ ಹೇಳುತ್ತೆ. ಒಂದು ವರ್ಷ ಪ್ರಯತ್ನಿಸಿ ಆಗಲಿಲ್ಲ ಅಂದ್ರೆ ಜೂನ್‌ನಲ್ಲಿ ಮತ್ತೆ ಯೂನಿಫಾರಂ ಹೊಲಿಸಿ, ಅದರಲ್ಲಿ ಅವಮಾನ ಏನೂ ಇಲ್ಲ. ಶಾಲೆ ಬಿಡಿಸದೆ ಭಾನುವಾರ ಮಾತ್ರ ಇದನ್ನೆಲ್ಲ ಮಾಡೋ ತಾಯಂದಿರಿಗೂ ಮುಂದಿನ ಮಾತೆಲ್ಲ ಅಷ್ಟೇ ಅನ್ವಯಿಸುತ್ತೆ. ನಿಜ ಹೇಳಬೇಕಂದ್ರೆ ಹೆಚ್ಚಿನವರಿಗೆ ಸರಿಹೋಗೋದು ಅದೇ.

ಆರತಿ ತಟ್ಟೆಯಲ್ಲಿ ರಸಾಯನಶಾಸ್ತ್ರ

'ನಾನು ಪಿಯುಸಿನೇ ಪಾಸಾಗಿಲ್ಲ, ವಿಜ್ಞಾನ ಹೇಗೆ ಹೇಳಿಕೊಡಲಿ?' ಅಂತೀರಾ? ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತೆ ಅನ್ನೋದು ನಿಮಗೆ ಗೊತ್ತು ತಾನೇ? ಕೆಂಪಾರತಿ ಮಾಡೋಕೆ ಬರೋ ಪ್ರತಿಯೊಬ್ಬ ಹೆಂಗಸೂ ಅರ್ಧ ಕೆಮಿಸ್ಟ್ರಿ ಟೀಚರ್! ಈಗ ಆ ಕೆಂಪು ನೀರಿಗೆ ನಿಂಬೆರಸ ಹಿಂಡಿಸಿ. ಮತ್ತೆ ಹಳದಿ. ಸುಣ್ಣ ಕ್ಷಾರ, ನಿಂಬೆ ಆಮ್ಲ, ಅರಿಶಿನ ಅವೆರಡನ್ನೂ ಗುರುತು ಹೇಳೋ ಗೂಢಚಾರ. ಸೋಪಿನ ನೀರು, ಮಜ್ಜಿಗೆ, ಹುಣಸೆ ಕಿವುಚಿದ ನೀರು, ಅಡುಗೆ ಸೋಡ ಒಂದೊಂದನ್ನೂ ಪರೀಕ್ಷಿಸಲಿ. ಯಾವುದು ಕೆಂಪು ಮಾಡುತ್ತೆ ಅಂತ ಮೊದಲೇ ಊಹಿಸಿ ಬರೀಬೇಕು, ಆಮೇಲೆ ನೋಡಬೇಕು. ಊಹೆ ತಪ್ಪಾದ ದಿನವೇ ಮಗು ನಿಜವಾಗಿ ಕಲಿಯೋದು. ಸುಣ್ಣ ಮಾತ್ರ ನೀವೇ ಹಾಕಿ, ಕಣ್ಣಿಗೆ ತಾಗಿದರೆ ಕಷ್ಟ.

ಇನ್ನು ಬೆಲ್ಲದ ಪಾಕ. ಉಂಡೆ ಕಟ್ಟೋ ಪಾಕ ಬಂತಾ ಅಂತ ನೋಡೋಕೆ ತಣ್ಣೀರಿಗೆ ಒಂದು ಹನಿ ಬಿಡ್ತೀವಲ್ಲ, ಆ ಹನಿಯ ಹೊರಗೆ ಗಟ್ಟಿ ಸಿಪ್ಪೆ, ಒಳಗೆ ಮೆತ್ತಗೆ. ಇದನ್ನ ಮಗುವಿಗೆ ತೋರಿಸಿದ ಮಾರನೇ ಭಾನುವಾರ ಐಮಂಗಲ ಕಡೆಯ ಮರಡಿಹಳ್ಳಿಗೆ ಕರ್ಕೊಂಡು ಹೋಗಿ. ಚಿತ್ರದುರ್ಗ–ಹಿರಿಯೂರು ಹೆದ್ದಾರಿಯಲ್ಲಿ ದಿನಾ ಓಡಾಡೋರಲ್ಲೂ ಎಷ್ಟೋ ಮಂದಿಗೆ ಗೊತ್ತಿಲ್ಲ, ಅಲ್ಲಿ ದಿಂಬುಗಳನ್ನ ಒಂದರ ಮೇಲೊಂದು ಪೇರಿಸಿಟ್ಟ ಹಾಗಿರೋ ಬಂಡೆಗಳಿವೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನ ಅಡಿಯಲ್ಲಿ ಉಕ್ಕಿದ ಲಾವಾ ಅದು. ಹೊರಮೈ ತಣ್ಣೀರಿಗೆ ತಾಗಿ ಥಟ್ಟನೆ ಗಟ್ಟಿಯಾಯ್ತು, ಒಳಗಿನ ಬಿಸಿ ಲಾವಾ ಮುಂದೆ ತಳ್ಳಿ ಇನ್ನೊಂದು ದಿಂಬಾಯ್ತು. ಭಾರತೀಯ ಭೂವೈಜ್ಞಾನಿಕ ಸಮೀಕ್ಷೆ ಇದನ್ನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ. ಈ ಒಣ ನೆಲದ ಮೇಲೆ ಒಂದು ಕಾಲಕ್ಕೆ ಸಮುದ್ರ ಇತ್ತಾ ಅಂತ ಮಗು ಕಣ್ಣರಳಿಸಿ ಕೇಳುತ್ತೆ ನೋಡಿ, ಆ ಪ್ರಶ್ನೆ ಯಾವ ಗೈಡಲ್ಲೂ ಇರಲ್ಲ. ಒಂದೇ ಮನವಿ, ನೆನಪಿಗೆ ಅಂತ ಕಲ್ಲು ಒಡೆದು ತರಬೇಡಿ.

ಹಿರಿಯೂರಿನವರಿಗೆ ವಾಣಿವಿಲಾಸ ಸಾಗರ ಮನೆಬಾಗಿಲಲ್ಲೇ ಇದೆ. ಪ್ಲಾಸ್ಟಿಕ್ ಬಾಟಲಿಗೆ ಮೇಲೆ, ನಡುವೆ, ಕೆಳಗೆ ಮೂರು ತೂತು ಮಾಡಿ ನೀರು ತುಂಬಿ. ಕೆಳಗಿನ ತೂತಿನ ನೀರು ಎಲ್ಲಕ್ಕಿಂತ ರಭಸವಾಗಿ ಹೊರಗೆ ಚಿಮ್ಮುತ್ತೆ. ಅಣೆಕಟ್ಟಿನ ಗೋಡೆ ಬುಡದಲ್ಲಿ ಅಷ್ಟು ದಪ್ಪ ಯಾಕೆ ಅನ್ನೋದಕ್ಕೆ ಬೇರೆ ವಿವರಣೆ ಬೇಕಿಲ್ಲ. 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ಆ ಅಣೆಕಟ್ಟೆಗೆ ಹೆಸರು ಬಂದಿದ್ದು ಮಗ ಚಿಕ್ಕವನಿದ್ದಾಗ ಮೈಸೂರು ರಾಜ್ಯ ನಡೆಸಿದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರಿಂದ. 130 ಅಡಿ ತುಂಬಿ 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ, ಬರೋಬ್ಬರಿ 89 ವರ್ಷಕ್ಕೆ! ಆ ಕೋಡಿ ನೋಡೋಕೆ ಬಸ್ಸು ಮಾಡ್ಕೊಂಡು ಹೋದವರಲ್ಲಿ ನೀವೂ ಇದ್ರಾ? ಹಾಗಿದ್ರೆ ಮನೆಯ ಛಾವಣಿ ಮೇಲೆ ಬಾಟಲಿಯ ತಲೆ ಕತ್ತರಿಸಿ ಮಳೆಮಾಪಕ ಮಾಡಿಡಿ. ಹಿರಿಯೂರಲ್ಲಿ ಒಂದು, ಹೊಳಲ್ಕೆರೆ ಅಜ್ಜಿ ಮನೆಯಲ್ಲಿ ಒಂದು. ಪ್ರತಿ ಮಳೆಗೂ ಫೋನಲ್ಲಿ ಮಿಲಿಮೀಟರ್ ಲೆಕ್ಕ ಒಪ್ಪಿಸಿಕೊಳ್ಳಲಿ. ಒಂದೇ ಜಿಲ್ಲೆಯಲ್ಲಿ ಅಲ್ಲಿ ಅಡಿಕೆ ತೋಟ, ಇಲ್ಲಿ ಜಾಲಿ ಯಾಕೆ ಅನ್ನೋದು ಎರಡು ವರ್ಷದ ಕಾಗದದಲ್ಲಿ ತಾನೇ ಕಾಣಿಸುತ್ತೆ.

ಕೋಟೆಯಲ್ಲಿ ಚಪ್ಪಾಳೆ

ಏಳು ಸುತ್ತಿನ ಕೋಟೆಗೆ ಹೋದ್ರೆ ಒನಕೆ ಓಬವ್ವನ ಕಿಂಡಿ ನೋಡಿ, ಫೋಟೊ ತೆಗೆದು, ಸೌತೆಕಾಯಿ ತಿಂದು ವಾಪಸ್ ಬರ್ತೀವಿ. ಮುಂದಿನ ಸಲ ಒಂದು ಟೇಪು, ಒಂದು ಗಡಿಯಾರ ಒಯ್ಯಿರಿ. ಎತ್ತರದ, ಮೈಯಗಲದ ಒಂದು ಬಂಡೆ ಆರಿಸಿ, ಅದರಿಂದ 85 ಮೀಟರ್ ದೂರದಲ್ಲಿ ನಿಂತು ಮಗು ಗಟ್ಟಿಯಾಗಿ ಚಪ್ಪಾಳೆ ತಟ್ಟಲಿ. ಪ್ರತಿಧ್ವನಿ ಬರುತ್ತೆ. ಈಗ ಪ್ರತಿಧ್ವನಿ ಸರಿಯಾಗಿ ಎರಡು ಚಪ್ಪಾಳೆಯ ನಟ್ಟನಡುವೆ ಬೀಳೋ ಹಾಗೆ ಒಂದೇ ಲಯದಲ್ಲಿ ತಟ್ಟುತ್ತಾ ಹೋಗಬೇಕು. ಚಪ್ಪಾಳೆ, ಬಂಡೆ, ಚಪ್ಪಾಳೆ, ಬಂಡೆ. ಲಯ ಕೂತ ಮೇಲೆ ನೀವು ಗಡಿಯಾರ ನೋಡಿ. ಸೊನ್ನೆಯಿಂದ ಹತ್ತರವರೆಗೆ ಎಣಿಸೋಷ್ಟರಲ್ಲಿ ಹೆಚ್ಚೂಕಮ್ಮಿ 10 ಸೆಕೆಂಡ್ ಆಗುತ್ತೆ. ಅಂದರೆ ಶಬ್ದ ಬಂಡೆಗೆ ಹೋಗಿ ಬರೋಕೆ ಅರ್ಧ ಸೆಕೆಂಡ್, ದೂರ 170 ಮೀಟರ್. ಸೆಕೆಂಡಿಗೆ 340 ಮೀಟರ್! ಶಬ್ದದ ವೇಗವನ್ನ ಮಗು ತನ್ನ ಎರಡು ಕೈಯಲ್ಲೇ ಅಳೆದುಬಿಟ್ಟಿತು. ತಾಳ ತಪ್ಪಿದರೆ ಲೆಕ್ಕವೂ ತಪ್ಪುತ್ತೆ. ಸಂಗೀತದ ಮೇಷ್ಟ್ರು 'ಲಯ, ಲಯ' ಅಂತ ಯಾಕೆ ಬಡ್ಕೊಳ್ತಾರೆ ಅನ್ನೋದೂ ಅರ್ಥ ಆಗುತ್ತೆ.

ಕೋಟೆಯ ಹೊಂಡಗಳದ್ದು ಬೇರೆಯದೇ ಪಾಠ. ಬಂಡೆ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ ಅಂತ ಮೇಲಿನಿಂದ ತುಂಬಿ, ಹೆಚ್ಚಾದ ನೀರು ಕೆಳಗೆ ಊರೊಳಗಿನ ಸಂತೆಹೊಂಡದ ತನಕ ಇಳಿಯುತ್ತಿತ್ತು. ಮೆಟ್ಟಿಲ ಮೇಲೆ ಮೂರು ಐಸ್‌ಕ್ರೀಂ ಡಬ್ಬಿ ಇಟ್ಟು ಅಂಚಿಗೆ ತೂತು ಮಾಡಿ ನೀರು ಸುರಿದರೆ ಸಾಕು.

60 ಸೆಂಟಿಮೀಟರ್ ದಾರದಲ್ಲಿ ಪುರಂದರದಾಸರು

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರ್ತೀನಿ. ವಿಜ್ಞಾನ ಒಂದು ಪೀರಿಯಡ್, ಸಂಗೀತ ಇನ್ನೊಂದು ಪೀರಿಯಡ್ ಅನ್ನೋದು ಶಾಲೆಯ ಅನಿವಾರ್ಯ. ಮನೆಯಲ್ಲಿ ಎರಡನ್ನೂ ಒಟ್ಟಿಗೇ ಕಲಿಸಬಹುದು.

ಒಂದು ಮೀಟರ್ ಉದ್ದದ ಹಲಗೆ ತಗೊಳ್ಳಿ. ಒಂದು ತುದಿಗೆ ಮೊಳೆ ಹೊಡೆದು ಮೀನು ಹಿಡಿಯೋ ಗಾಳದ ನೈಲಾನ್ ದಾರ ಕಟ್ಟಿ. ಹಲಗೆಯ ಮೇಲೆ ಸರಿಯಾಗಿ 60 ಸೆಂಟಿಮೀಟರ್ ಅಂತರದಲ್ಲಿ ಎರಡು ಪೆನ್ಸಿಲ್ ಅಡ್ಡ ಇಟ್ಟು, ದಾರ ಅವುಗಳ ಮೇಲೆ ಹಾಯಲಿ. ದಾರದ ಇನ್ನೊಂದು ತುದಿ ಮೇಜಿನ ಅಂಚಿಂದ ಕೆಳಗೆ ಇಳಿದು, ಅದಕ್ಕೆ ಒಂದು ಲೀಟರ್ ನೀರಿನ ಬಾಟಲಿ ತೂಗಲಿ. ಹಲಗೆ ಕೆಳಗೆ ಖಾಲಿ ಬಿಸ್ಕತ್ ಡಬ್ಬಿ ಇಟ್ಟರೆ ನಾದ ಚೆನ್ನಾಗಿ ಕೇಳುತ್ತೆ. ಬಾಟಲಿ ಕಾಲ ಮೇಲೆ ಬೀಳದಂತೆ ನೋಡ್ಕೊಳ್ಳಿ. ಇದೇ ನಿಮ್ಮ ಮನೆಯ ಏಕತಾರಿ.

ಮೀಟಿ. ಬಂದಿದ್ದು ಷಡ್ಜ, 'ಸ'. ಮೂರನೇ ಪೆನ್ಸಿಲ್ ಒಂದನ್ನ ದಾರದ ಕೆಳಗೆ ತೂರಿಸಿ, ಮೀಟುವ ಭಾಗ 30 ಸೆಂಟಿಮೀಟರ್ ಆಗೋ ಹಾಗೆ ಸರಿಸಿ. ಅದೇ 'ಸ', ಮೇಲಿನ ಸ್ಥಾಯಿಯಲ್ಲಿ. 40ಕ್ಕೆ ಸರಿಸಿದರೆ ಪಂಚಮ, 45ಕ್ಕೆ ಮಧ್ಯಮ. ಈಗ 60, 56 ಕಾಲು, 48, 45 ಅಂತ ಗುರುತು ಹಾಕಿ ಮೀಟಿ. ಸ, ರಿ, ಗ, ಮ. ಈ ನಾಲ್ಕೂ ಅಂಕಿಯನ್ನ ಮೂರರಲ್ಲಿ ಎರಡು ಭಾಗ ಮಾಡಿಸಿ. 40, 37 ಅರೆ, 32, 30 ಬರುತ್ತೆ. ಪ, ದ, ನಿ, ಸ! ಇದೇ ಮಾಯಾಮಾಳವಗೌಳ. ಸರಳೆ ವರಸೆಯನ್ನ ಈ ರಾಗದಲ್ಲೇ ಶುರು ಮಾಡೋ ಪದ್ಧತಿ ಪುರಂದರದಾಸರಿಂದ ಬಂತು ಅಂತ ಸಂಗೀತಗಾರರು ನಂಬುತ್ತಾರೆ. ರಾಗದ ಮೊದಲ ಅರ್ಧವೇ ಎರಡನೇ ಅರ್ಧದಲ್ಲಿ ಮತ್ತೆ ಬರುತ್ತೆ, ಆದ್ದರಿಂದ ಕಲಿಯೋರಿಗೆ ಸುಲಭ. ಭಿನ್ನರಾಶಿ ಕಂಡ್ರೆ ಅಳೋ ಮಗು ಇಲ್ಲಿ ಭಿನ್ನರಾಶಿಯನ್ನ ಕಿವಿಯಲ್ಲಿ ಕೇಳುತ್ತೆ.

ಬಾಟಲಿಯಲ್ಲಿ ಅರ್ಧ ಲೀಟರ್ ನೀರಿಟ್ಟು ಮೀಟಿ, ಆಮೇಲೆ ಎರಡು ಲೀಟರ್ ಇಟ್ಟು ಮೀಟಿ. ತೂಕ ನಾಲ್ಕು ಪಟ್ಟು ಆದಾಗ ಸ್ವರ ಒಂದು ಸ್ಥಾಯಿ ಮೇಲೇರುತ್ತೆ. 'ಎರಡು ಪಟ್ಟು ಯಾಕಲ್ಲ?' ಅಂತ ಕೇಳಿದರೆ ವರ್ಗಮೂಲದ ಪಾಠಕ್ಕೆ ಬಾಗಿಲು ತೆರೆಯಿತು ಅಂತ ಲೆಕ್ಕ.

ಚರಿತ್ರೆ ಇಲ್ಲಿಂದಲೇ ಬೆಳೆಯಲಿ. ಹಾಲಿನ ಗೋಡೆಗೆ ಉದ್ದಕ್ಕೂ ಒಂದು ದಾರ ಕಟ್ಟಿ, ಬಟ್ಟೆ ಕ್ಲಿಪ್ಪಿನಲ್ಲಿ ಚೀಟಿ ಸಿಕ್ಕಿಸುತ್ತಾ ಹೋಗಿ. 12ನೇ ಶತಮಾನದ ವಚನಕಾರರು ಒಂದು ತುದಿಗೆ. 1484ರಿಂದ 1564 ಪುರಂದರದಾಸರು. ಅವರ ಹುಟ್ಟೂರು ಪುರಂದರಗಡ ಅಂತ ಹಳೆಯ ಹೇಳಿಕೆ, ನಮ್ಮ ಮಲೆನಾಡಿನ ಆರಗ ಅಂತ ಇನ್ನೊಂದು ವಾದ. ಎರಡೂ ಚೀಟಿ ಹಾಕಿಸಿ, ಯಾವುದಕ್ಕೆ ಏನು ಆಧಾರ ಅಂತ ಮಗು ಕೇಳೋದನ್ನ ಕಲೀಲಿ. 17ನೇ ಶತಮಾನದಲ್ಲಿ ತಂಜಾವೂರಿನ ವೆಂಕಟಮಖಿ, 'ಚತುರ್ದಂಡಿಪ್ರಕಾಶಿಕೆ' ಬರೆದು 72 ಮೇಳಗಳ ಲೆಕ್ಕ ಕೊಟ್ಟವರು. ಕನ್ನಡ ಮೂಲದ ಮನೆತನ. ರಿ-ಗ ಜೋಡಿ ಆರು ಥರ, ದ-ನಿ ಜೋಡಿ ಆರು ಥರ, ಮಧ್ಯಮ ಎರಡು. ಗುಣಿಸಿ, 72. ಆಮೇಲೆ 1767ರಲ್ಲಿ ಹುಟ್ಟಿದ ತ್ಯಾಗರಾಜರು. ಹೈದರಾಲಿ 1779ರಲ್ಲಿ ನಮ್ಮ ದುರ್ಗ ಹಿಡಿದಾಗ ತ್ಯಾಗರಾಜರಿಗೆ 12 ವರ್ಷ. ಅಂದರೆ ಹೆಚ್ಚೂಕಮ್ಮಿ ನಿಮ್ಮ ಮಗನ ವಯಸ್ಸು! ಹೀಗೆ ಎರಡು ಚೀಟಿ ಅಕ್ಕಪಕ್ಕ ಬಂದಾಗ ಇಸವಿಗಳು ಬಾಯಿಪಾಠದ ಕಾಟ ಅನ್ನಿಸೋದಿಲ್ಲ.

ಹೆಣ್ಣುಮಕ್ಕಳ ಚೀಟಿ ಮರೀಬೇಡಿ. ದೇವದಾಸಿ ಮನೆತನದಲ್ಲಿ ಹುಟ್ಟಿ, ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿ, ಹೆಂಗಸರೂ ಅಲ್ಲಿ ಹಾಡಬೇಕು ಅಂತ ಹೋರಾಡಿದ ಬೆಂಗಳೂರು ನಾಗರತ್ನಮ್ಮ. ಭಾರತದಲ್ಲಿ 1902ರಲ್ಲಿ ಗ್ರಾಮಫೋನಿಗೆ ಹಾಡಿದ ಮೊದಲಿಗರಲ್ಲಿ ಒಬ್ಬರಾದ, ಕೊನೆಗೆ ಮೈಸೂರು ಆಸ್ಥಾನದಲ್ಲಿದ್ದು 1930ರಲ್ಲಿ ಅಲ್ಲೇ ತೀರಿಕೊಂಡ ಗೌಹರ್ ಜಾನ್. ನಮ್ಮ ಗಂಗೂಬಾಯಿ ಹಾನಗಲ್. ಇವರ ದನಿಗಳೆಲ್ಲ ಇವತ್ತು ಮೊಬೈಲಲ್ಲೇ ಸಿಗುತ್ತೆ. ದಿನಕ್ಕೆ ಒಂದು, ಹತ್ತು ನಿಮಿಷ, ಬೇರೇನೂ ಮಾಡದೆ ಕೇಳೋದು. ರೊಟ್ಟಿ ತಟ್ಟುತ್ತಾ ನೀವೂ ಕೇಳಬಹುದು, ನಿಮಗೆ ವಿನಾಯಿತಿ ಇದೆ!

ನಮ್ಮೂರ ನಾದ

ಸಂಗೀತ ಚರಿತ್ರೆ ಅಂದ್ರೆ ತಂಜಾವೂರು, ಮೈಸೂರು ಮಾತ್ರ ಅಂತ ತಿಳ್ಕೊಂಡ್ರೆ ನಷ್ಟ ನಮಗೇ. ಹಿರಿಯೂರು ಸೀಮೆಯ ಕಾಡುಗೊಲ್ಲರು ಜುಂಜಪ್ಪನ ಕಾವ್ಯ ಹಾಡುವಾಗ ನುಡಿಸೋ 'ಗಣೆ' ನೋಡಿದ್ದೀರಾ? ಆಳೆತ್ತರಕ್ಕೆ ಬರೋ ಬಿದಿರಿನ ಕೊಳಲು. ಉದ್ದ ಹೆಚ್ಚಿದಷ್ಟೂ ದನಿ ತಗ್ಗು ಅನ್ನೋದನ್ನ ನಿಮ್ಮ ಏಕತಾರಿ ಹೇಳಿತ್ತು, ಗಣೆ ಅದನ್ನೇ ಗಾಳಿಯಲ್ಲಿ ಹೇಳುತ್ತೆ. ಮನೆಯಲ್ಲಿ ಪಪ್ಪಾಯ ಎಲೆಯ ಕೊಳವೆಯನ್ನ ಬೇರೆ ಬೇರೆ ಉದ್ದಕ್ಕೆ ಕತ್ತರಿಸಿ ಊದಿ ನೋಡಿ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ನಾಡೋಜ ಸಿರಿಯಜ್ಜಿ ಓದು-ಬರಹ ಇಲ್ಲದೆಯೇ ಸಾವಿರಾರು ಪದಗಳನ್ನ ನೆನಪಲ್ಲಿ ಇಟ್ಟುಕೊಂಡಿದ್ದವರು. ಕೃಷ್ಣಮೂರ್ತಿ ಹನೂರರು ಅವನ್ನ ಕೂತು ಬರೆದುಕೊಂಡರು. ನಿಮ್ಮ ಅತ್ತೆಗೆ, ಅಜ್ಜಿಗೆ ಎಷ್ಟು ಸೋಬಾನೆ ಪದ ಬರುತ್ತೆ? ಮಗುವಿನ ಕೈಗೆ ಮೊಬೈಲ್ ಕೊಟ್ಟು ರೆಕಾರ್ಡ್ ಮಾಡಿಸಿ. ಯಾವ ವರ್ಷ, ಯಾರಿಂದ ಕಲಿತರು, ಯಾವ ಶಾಸ್ತ್ರಕ್ಕೆ ಹಾಡುತ್ತಿದ್ದರು ಅಂತ ಕೇಳಿ ಬರೆಯಲಿ. ಇದು ಆಟವಲ್ಲ, ನಿಜವಾದ ಸಂಶೋಧನೆ. ಇನ್ನೊಂದು ಹತ್ತು ವರ್ಷ ಬಿಟ್ಟು ಮಾಡೋಣ ಅಂದ್ರೆ ಕೇಳೋಕೆ ಅಜ್ಜಿ ಇರಲ್ಲ.

ತಳುಕಿನ ತ.ರಾ.ಸು. ಬರೆದ 'ಹಂಸಗೀತೆ' 1952ರ ಕಾದಂಬರಿ, ಇದೇ ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ. 1975ರಲ್ಲಿ ಜಿ.ವಿ. ಅಯ್ಯರ್ ಅದನ್ನ ಸಿನಿಮಾ ಮಾಡಿದರು, ಅದಕ್ಕೆ ಹಾಡಿದ ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಸಣ್ಣ ಮಕ್ಕಳಿಗೆ ಕೊನೆ ಸ್ವಲ್ಪ ಕ್ರೂರ, ನೀವೇ ಓದಿ ಆರಿಸಿ ಹೇಳಿ. 'ಇದು ನಿಜವಾಗಿ ನಡೀತಾ ಅಮ್ಮಾ?' ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಕಾದಂಬರಿ ಬೇರೆ, ಶಾಸನ ಬೇರೆ, ಊರಿನ ಬಾಯಿಮಾತು ಬೇರೆ. ಶಾಸನ ಹೇಗಿರುತ್ತೆ ಅಂತ ತೋರಿಸೋಕೆ ಚಂದ್ರವಳ್ಳಿಗೆ ಹೋಗಿ, ಅಲ್ಲಿ ಕೆರೆಯ ಮಾತೆತ್ತುವ ಮಯೂರಶರ್ಮನ ಬಂಡೆಶಾಸನ ಇದೆ.

ಹೊಸದುರ್ಗದ ಕಡೆಯವರಿಗೆ ಸಾಣೇಹಳ್ಳಿ ಹತ್ತಿರ. 1997ರಲ್ಲಿ ಶುರುವಾದ ಶಿವಸಂಚಾರ ತಂಡ ನಾಟಕಗಳನ್ನ ಹೊತ್ತು ನಾಡೆಲ್ಲ ಸುತ್ತುತ್ತೆ. ಅಲ್ಲಿನ ನಾಟಕೋತ್ಸವಕ್ಕೆ ಹೋದ್ರೆ ಮಗುವನ್ನ ಹಾರ್ಮೋನಿಯಂ, ತಬಲಾ ಕಾಣೋ ಬದಿಗೆ ಕೂರಿಸಿ.

ಇನ್ನೊಂದು ಪ್ರಯೋಗ ಹೇಳದೇ ಇರೋಕಾಗಲ್ಲ, ಅದರಲ್ಲಿ ನಮ್ಮ ರಾಗಿಮುದ್ದೆ ಇದೆ! ಮಾಮೂಲಿ ಡೋಲಿನ ಚರ್ಮದಿಂದ ಬರೋ ಒಳನಾದಗಳು ಒಂದಕ್ಕೊಂದು ಹೊಂದಲ್ಲ, ಅದಕ್ಕೇ 'ಡಬ್' ಅನ್ನೋ ಸದ್ದು. ಮೃದಂಗದ ನಡುವಿನ ಕಪ್ಪು ಕರಣೆ ಆ ಒಳನಾದಗಳನ್ನ ಶ್ರುತಿಗೆ ಕೂರಿಸುತ್ತೆ ಅಂತ ಸರ್ ಸಿ.ವಿ. ರಾಮನ್ 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ನೊಬೆಲ್ ಬರೋಕೆ ಹತ್ತು ವರ್ಷ ಮೊದಲು. ಹಾಲಿನ ಪುಡಿ ಡಬ್ಬಿಯ ಬಾಯಿಗೆ ಬಲೂನು ಬಿಗಿದು ಬೆರಳಲ್ಲಿ ತಟ್ಟಿ. ನಡುವೆ ನೆಲ್ಲಿಕಾಯಿ ಗಾತ್ರದ ಒದ್ದೆ ರಾಗಿಹಿಟ್ಟು ಅಂಟಿಸಿ ಮತ್ತೆ ತಟ್ಟಿ. ದನಿ ತಗ್ಗುತ್ತೆ, ಗುಣವೂ ಬದಲಾಗುತ್ತೆ. ಮೃದಂಗದವರು ಎಡಗಡೆಗೆ ರವೆಹಿಟ್ಟು ಮೆತ್ತೋದನ್ನ ಮಗು ಮುಂದಿನ ಕಛೇರಿಯಲ್ಲಿ ತಾನೇ ಗುರುತಿಸುತ್ತೆ.

ಒಂಟಿತನ, ನೆಂಟರು ಮತ್ತು ಪರೀಕ್ಷೆ

ಮನೆಯಲ್ಲಿ ಕಲಿಯೋ ಮಗುವಿಗೆ ಜೊತೆಗಾರರು ಬೇಕೇ ಬೇಕು. ಇದನ್ನ ಹಗುರ ಮಾಡಬೇಡಿ. ವಾರಕ್ಕೆ ಎರಡು ಸಲವಾದರೂ ಪಕ್ಕದ ಮನೆಯ ನಾಲ್ಕು ಮಕ್ಕಳನ್ನ ಪ್ರಯೋಗಕ್ಕೆ ಕರೀರಿ. ಸಂಗೀತದ ಕ್ಲಾಸು, ಕಬಡ್ಡಿ, ಬೇಸಿಗೆ ಶಿಬಿರ ಏನಾದರೂ ಇರಲಿ. ನಿಮಗೂ ಬೇಕು ಜೊತೆ. ದಿನಪೂರ್ತಿ ಮಗುವಿನ ಜೊತೆಗೇ ಇದ್ದು ಸಂಜೆ ಹೊತ್ತಿಗೆ ರೇಗೋ ಅಮ್ಮನಿಗಿಂತ ಶಾಲೆಯ ಟೀಚರ್ರೇ ವಾಸಿ ಅನ್ನಿಸಬಾರದು ನೋಡಿ. ಗಣಿತವೋ ಇಂಗ್ಲಿಷೋ ನಿಮಗೆ ಬಾರದ ಒಂದು ವಿಷಯವನ್ನ ಅಪ್ಪನೋ ಚಿಕ್ಕಮ್ಮನೋ ವಹಿಸಿಕೊಳ್ಳಲಿ. ಹೊರಗೆ ದುಡಿಯೋ ಅಮ್ಮಂದಿರಿಗೆ ಪೂರ್ತಿ ಮನೆಪಾಠ ಕಷ್ಟವೇ, ಅದಕ್ಕಾಗಿ ಕೆಲಸ ಬಿಡೋದು ಬೇಡ ಅನ್ನೋದು ನನ್ನ ಅಭಿಪ್ರಾಯ. ಶನಿವಾರ ಸಂಜೆ, ಭಾನುವಾರ ಬೆಳಗ್ಗೆ ಸಾಕು. ನೆಂಟರು 'ನಿಮ್ಮ ಹುಡುಗ ಎಷ್ಟನೇ ಕ್ಲಾಸು?' ಅಂತ ಕೇಳಿದಾಗ ಮಗು ತಡವರಿಸುತ್ತೆ, ಉತ್ತರ ಮೊದಲೇ ಹೇಳಿಕೊಡಿ.

ಪರೀಕ್ಷೆಯ ದಾರಿ ಮೊದಲೇ ತಿಳ್ಕೊಂಡಿರಿ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ, ಅಂದರೆ ಎನ್‌ಐಒಎಸ್‌ನಲ್ಲಿ, 3, 5 ಮತ್ತು 8ನೇ ತರಗತಿಗೆ ಸಮನಾದ ಎ, ಬಿ, ಸಿ ಹಂತಗಳಿವೆ. ಹತ್ತನೇ ತರಗತಿ ಮಟ್ಟದ ಪರೀಕ್ಷೆಗೆ 14 ವರ್ಷ ತುಂಬಿರಬೇಕು, ಐದು ವಿಷಯ ಪಾಸಾಗಬೇಕು. ಒಂದೇ ಸಲಕ್ಕೆ ಆಗದಿದ್ದರೆ ಒಂದೊಂದಾಗಿ ಮುಗಿಸಿಕೊಳ್ಳಬಹುದು, ನೋಂದಣಿ 5 ವರ್ಷ ಊರ್ಜಿತ. ಆ ವಿಷಯಗಳ ಪಟ್ಟಿಯಲ್ಲಿ ಕರ್ನಾಟಕ ಸಂಗೀತವೂ ಇದೆ! ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿದೆ. ಪಾಠ ಯಾವ ಮಾಧ್ಯಮದಲ್ಲಿ, ಹತ್ತಿರದ ಅಧ್ಯಯನ ಕೇಂದ್ರ ಎಲ್ಲಿ ಅನ್ನೋದನ್ನ ಸೇರುವ ಮೊದಲೇ ಕೇಳಿ ತಿಳ್ಕೊಳ್ಳಿ. ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟೋ ದಾರಿಯೂ ಇದೆ, ಅದರ ವಯಸ್ಸಿನ ನಿಯಮ ನಿಮ್ಮ ತಾಲ್ಲೂಕಿನ ಬಿಇಒ ಕಚೇರಿಯಲ್ಲಿ ಕೇಳಿ. ಸಂಗೀತದ ಜೂನಿಯರ್ ಪರೀಕ್ಷೆಗೆ ವಾಗ್ಗೇಯಕಾರರ ಜೀವನ ಓದಲೇಬೇಕು, ಗೋಡೆ ಮೇಲಿನ ಚೀಟಿಗಳು ಆಗ ಕೆಲಸಕ್ಕೆ ಬರುತ್ತವೆ.

ಪುಸ್ತಕಕ್ಕೆ ಹೆಚ್ಚು ಖರ್ಚೇನಿಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ'ದ ಹಳೇ ಸಂಚಿಕೆಗಳು ಲೈಬ್ರರಿಯಲ್ಲಿ ಸಿಕ್ಕರೆ ಬಿಡಬೇಡಿ. ಕಸದಿಂದ ಆಟಿಕೆ ಮಾಡೋ ಅರವಿಂದ ಗುಪ್ತ ಅವರ ವಿಡಿಯೊಗಳನ್ನ ಒಂದು ನೋಡಿ, ಮೊಬೈಲ್ ಪಕ್ಕಕ್ಕಿಟ್ಟು, ಅದನ್ನ ಮಾಡಿ, ಆಮೇಲೆ ಎರಡನೆಯದು. ಸಾಲಾಗಿ ಹತ್ತು ನೋಡಿದರೆ ಅದೂ ಕಾರ್ಟೂನ್ ಆಗಿಬಿಡುತ್ತೆ. ಕೋಟೆಗೆ, ಮರಡಿಹಳ್ಳಿಗೆ ಹೋಗೋದಾದ್ರೆ ಬೆಳಗ್ಗೆ ಬೇಗ ಹೊರಡಿ, ಬಂಡೆ ಕಾದ ಮೇಲೆ ನಿಲ್ಲೋಕಾಗಲ್ಲ. ಟೋಪಿ, ನೀರು, ಚಿತ್ರಾನ್ನದ ಡಬ್ಬಿ ಇರಲಿ. ಡಬ್ಬಿ ಮಾತ್ರ ಚೀಲದೊಳಗೇ ಇರಲಿ, ಕೋಟೆಯ ಕೋತಿಗಳು ಕೈಯಿಂದಲೇ ಕಿತ್ಕೊಂಡು ಹೋಗ್ತಾವೆ.